ಟಿಶ್ಯೂ ವಾಲ್ವ್ ಎಂದರೆ ನಿಮ್ಮ ಟಿಶ್ಯೂ ಅಲ್ಲ

"ಡಾಕ್ಟರೇ, ನಮಗೆ ಲೋಹದ್ದು ಬೇಡ. ನಮ್ಮದೇ ಜೀವಕೋಶದಿಂದ ಬೆಳೆಸುವ ಟಿಶ್ಯೂ ವಾಲ್ವ್ ಹಾಕಿಬಿಡಿ." ಹೃದಯದ ಕವಾಟ (ವಾಲ್ವ್) ಕೆಟ್ಟು ಬದಲಿಸಬೇಕಾದವರಲ್ಲಿ, ಮೊಬೈಲಿನಲ್ಲಿ ಒಂದು ವೀಡಿಯೊ ತೋರಿಸಿ ಹೀಗೆ ಕೇಳುವವರು ಬೆಂಗಳೂರಿನ ನನ್ನ ಹೊರರೋಗಿ ವಿಭಾಗಕ್ಕೆ ಬರುತ್ತಲೇ ಇರುತ್ತಾರೆ.

ಇನ್ನೊಮ್ಮೆ ಹೇಳುತ್ತೇನೆ. ನಾವು ಬಾಟಲಿಯಿಂದ ತೆಗೆಯುವ ಟಿಶ್ಯೂ (ಅಂಗಾಂಶದ) ವಾಲ್ವ್ ದನದ ಹೃದಯದ ಹೊರಪೊರೆಯಿಂದ ಹೊಲಿದದ್ದು, ಇಲ್ಲವೇ ಹಂದಿಯ ಕವಾಟ. ಗ್ಲುಟರಾಲ್ಡಿಹೈಡ್‌ನಲ್ಲಿ ಹದಗೊಳಿಸಿರುತ್ತಾರೆ; ಚರ್ಮ ಹದ ಮಾಡುವುದಕ್ಕೂ ಬಳಸುವ ರಾಸಾಯನಿಕ ಅದು. ಸಲೈನ್ ಬಟ್ಟಲುಗಳಲ್ಲಿ ಒಂದಾದ ಮೇಲೊಂದರಂತೆ ಜಾಲಿಸಿಯೇ ಹೊಲಿಯುತ್ತೇವೆ. ಅದರಲ್ಲಿ ಜೀವವಿಲ್ಲ. ಬೆಳೆಯುವುದಿಲ್ಲ, ಸವೆದರೆ ತಾನಾಗಿ ದುರಸ್ತಿಯಾಗುವುದಿಲ್ಲ, ಕಾಲಕ್ರಮೇಣ ಸುಣ್ಣ ಕಟ್ಟುತ್ತದೆ. ಚಿಕ್ಕ ವಯಸ್ಸಿನವರಲ್ಲಿ ಇನ್ನೂ ಬೇಗ.

ಇದನ್ನು ಕೇಳಿದ ಮಲ್ಲೇಶ್ವರದ ನಿವೃತ್ತ ಮೇಷ್ಟ್ರೊಬ್ಬರು ಎರಡು ದಿನ ಊಟ ಬಿಟ್ಟರು. ಮೂರನೆಯ ದಿನ, "ನನ್ನದಲ್ಲ ಎಂದ ಮೇಲೆ ಯಾರದಾದರೇನು, ಗಟ್ಟಿಯಾಗಿ ಹೊಲಿಯಿರಿ" ಎಂದರು. ಈಗಲೂ ಸಂಕ್ರಾಂತಿಗೆ ಎಳ್ಳು ಬೆಲ್ಲ ತಂದುಕೊಡುತ್ತಾರೆ.

ವೀಡಿಯೊದಲ್ಲಿರುವುದು ಸುಳ್ಳೇನಲ್ಲ. ರಕ್ತನಾಳದಿಂದ ತೆಗೆದ ಜೀವಕೋಶಗಳನ್ನು ಕರಗುವ ಹಂದರದ ಮೇಲೆ ಬಿತ್ತಿ, ದ್ರವ ಮಿಡಿಯುವ ಯಂತ್ರದಲ್ಲಿ ಬೆಳೆಸಿದ ಕವಾಟವನ್ನು 2000ದ ಹೊತ್ತಿಗೇ ಕುರಿಗಳಿಗೆ ಹಾಕಿ ನೋಡಿದ್ದಾರೆ. ಆದರೆ ಜೀವಂತ ಕೋಶಗಳು ಸುಮ್ಮನಿರುವುದಿಲ್ಲ, ಎಳೆಯುತ್ತವೆ. ಎಳೆದರೆ ಕವಾಟದ ತೆರೆದು ಮುಚ್ಚುವ ದಳಗಳು ಮುದುಡುತ್ತವೆ, ಕವಾಟ ಸೋರುತ್ತದೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ತೆರೆದು ಮುಚ್ಚಬೇಕಾದದ್ದು ಅದು. ರೋಗಿಯ ಸ್ವಂತ ಕವಾಟವನ್ನೇ ಬಳಸುವ ಶಸ್ತ್ರಚಿಕಿತ್ಸೆಯೂ ಇದೆ. ಬ್ರಿಟನ್ನಿನ ಹೃದಯ ಶಸ್ತ್ರಚಿಕಿತ್ಸಕ ಡೊನಾಲ್ಡ್ ರಾಸ್ 1967ರಲ್ಲಿ ಆರಂಭಿಸಿದ್ದು. ಅಲ್ಲಿ ಶ್ವಾಸಕೋಶದ ಕಡೆಯ ಕವಾಟವನ್ನು ಕಿತ್ತು ಮಹಾಪಧಮನಿಯ ಕವಾಟದ ಜಾಗಕ್ಕೆ ಹೊಲಿಯುತ್ತೇವೆ, ಬೆಳೆಸುವುದಿಲ್ಲ. ಖಾಲಿಯಾದ ಜಾಗಕ್ಕೆ ಮತ್ತೊಂದು ಕವಾಟ ಬೇಕೇ ಬೇಕು. ಎಲ್ಲರಿಗೂ ಒಗ್ಗುವುದೂ ಇಲ್ಲ.

ನನಗೆ ಸಿಟ್ಟು ಬರುವುದು ಬೆಳೆಸಿದ ಕವಾಟ ಬರಲೆಂದು ಕಾಯುವವರ ಮೇಲೆ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಹುಡುಗಿ. ಗಂಟಲು ಸೋಂಕಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರದಿಂದ ಹೃದಯದ ಎಡಭಾಗದ ಮಿಟ್ರಲ್ ಕವಾಟ ಕೆಟ್ಟಿತ್ತು. "ಎರಡು ವರ್ಷ ತಡೆದರೆ ಹೊಸದು ಬರುತ್ತದಂತೆ ಸಾರ್" ಎಂದು ಅವಳ ಅಣ್ಣ ಕರೆದುಕೊಂಡು ಹೋದ. ಎಂಟು ತಿಂಗಳ ಮೇಲೆ ಬಂದಾಗ ಅವಳು, ಮಲಗಿದರೆ ಉಸಿರು ಕಟ್ಟುತ್ತದೆಂದು, ಮೂರು ದಿಂಬು ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಯಾವ ಕವಾಟ, ಮುಂದೆ ಮಕ್ಕಳಾಗುವುದು ಹೇಗೆ, ರಕ್ತ ತೆಳುವಾಗಿಸುವ ಮಾತ್ರೆ ಬೇಕೇ, ಇವು ಒಬ್ಬೊಬ್ಬರಿಗೂ ಬೇರೆ, ಅಂಕಣದಲ್ಲಿ ಹೇಳಲಾರೆ. ಅಣ್ಣನ ಮೊಬೈಲಿನಲ್ಲಿ ಈಗ ರಕ್ತ ಕೊಡಲು ಒಪ್ಪಿದ ಗೆಳೆಯರ ಪಟ್ಟಿಯಿದೆ. ಸೋಮವಾರ ಆಪರೇಷನ್.