ಘಟ್ಟದ ತಿರುವು ಮತ್ತು ಪಿಕಪ್‌ನ ಹಿಂಚಕ್ರ: ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಬಂದ ದಾರಿ

ಮಳೆಗಾಲದಲ್ಲಿ ದೇವಿಮನೆ ಘಟ್ಟ ಹತ್ತಿಳಿಯುವ ಪಿಕಪ್ ಚಾಲಕರಿಗೆ ಖಾಲಿ ಗಾಡಿಗೂ ಲೋಡಿನ ಗಾಡಿಗೂ ಇರುವ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕುಮಟಾದಿಂದ ಸರಕು ತುಂಬಿಕೊಂಡು ಶಿರಸಿಗೆ ಹೊರಟ ಗಾಡಿ ನೆಲ ಕಚ್ಚಿಕೊಂಡು ತಿರುವು ದಾಟುತ್ತದೆ. ಅದೇ ಗಾಡಿ ಖಾಲಿಯಿದ್ದಾಗ ಕಡಿದಾದ ಎಡತಿರುವಿನಲ್ಲಿ ಒಳಬದಿಯ ಹಿಂಚಕ್ರ ಇದ್ದಲ್ಲೇ ಗಿರಗಿರನೆ ಸುತ್ತಿ, ಗಾಡಿ ಮುಂದೆ ಹೋಗಲೊಲ್ಲದೆ ನಿಲ್ಲುತ್ತದೆ. ಅಂಕೋಲಾ–ಯಲ್ಲಾಪುರ ನಡುವಿನ ಅರಬೈಲ್, ಕಾರವಾರದಿಂದ ಜೋಯಿಡಾ ಕಡೆಗೆ ಹೋಗುವ ಅಣಶಿ, ಹೊನ್ನಾವರದಿಂದ ಮೇಲೇರುವ ಗೇರುಸೊಪ್ಪೆಯ ದಾರಿ, ಎಲ್ಲ ಕಡೆಯೂ ಇದೇ ಪಾಡು. ಈ ತೊಂದರೆಗೆ, ಒಂದು ಚಕ್ರ ಸುಮ್ಮನೆ ಸುತ್ತುವುದಕ್ಕೆ ಮಿತಿ ಹಾಕುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಅಂದರೆ ಎಲ್‌ಎಸ್‌ಡಿ, ಪರಿಹಾರವೆಂಬ ಮಾತು ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. ಅದಿದ್ದರೆ ಗಾಡಿ ತಿರುವಿನಲ್ಲಿ ಹೆಚ್ಚು ಭದ್ರವಾಗಿ ಕೂರುತ್ತದೆಂಬ ನಂಬಿಕೆಯೂ ಅದರ ಜೊತೆಗೇ ಇದೆ. ಮೊದಲನೆಯ ಮಾತು ಬಹುಮಟ್ಟಿಗೆ ನಿಜ, ಎರಡನೆಯದು ಅರ್ಧ ಮಾತ್ರ ನಿಜ. ಹೀಗೇಕೆಂದು ತಿಳಿಯಲು ಈ ಸಾಧನ ಯಾವ ಕೊರತೆಯನ್ನು ತುಂಬಲು ಹುಟ್ಟಿತು ಎಂಬುದನ್ನು ನೋಡಬೇಕು.

ಎತ್ತಿನ ಗಾಡಿಗೆ ಡಿಫರೆನ್ಷಿಯಲ್, ಅಂದರೆ ಎರಡು ಚಕ್ರಗಳನ್ನು ತಿರುಗಿಸುತ್ತಲೇ ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಗಾಲಿಗಳ ಜೋಡಣೆ, ಬೇಕಾಗಿರಲಿಲ್ಲ. ಅದರ ಎರಡು ಚಕ್ರಗಳು ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ತಿರುಗುತ್ತವೆ, ಎಳೆಯುವ ಕೆಲಸ ಎತ್ತುಗಳದ್ದು. ಚಕ್ರಗಳನ್ನೇ ಯಂತ್ರದಿಂದ ತಿರುಗಿಸಲು ಹೊರಟಾಗ ಲೆಕ್ಕ ಎದುರಾಯಿತು. ಹೇರ್‌ಪಿನ್ ತಿರುವೊಂದರಲ್ಲಿ ಗಾಡಿ ಪೂರ್ತಿ ಹಿಂದಿರುಗಿ 180 ಡಿಗ್ರಿ ತಿರುಗಿತು ಎಂದುಕೊಳ್ಳೋಣ. ಎರಡು ಹಿಂಚಕ್ರಗಳ ನಡುವಿನ ಅಂತರ ಸುಮಾರು 1.4 ಮೀಟರ್ ಇದ್ದರೆ, ಹೊರಬದಿಯ ಚಕ್ರ ಒಳಬದಿಯದಕ್ಕಿಂತ ಸುಮಾರು 4.4 ಮೀಟರ್ ಹೆಚ್ಚು ದೂರ ಉರುಳಬೇಕು. ತಿರುವು ಅಗಲವಾಗಿರಲಿ, ಇಕ್ಕಟ್ಟಾಗಿರಲಿ, ಈ ಅಂಕಿ ಬದಲಾಗುವುದಿಲ್ಲ. ಪಿಕಪ್‌ನ ಟೈರಿನ ಸುತ್ತಳತೆ ಸುಮಾರು 2.2 ಮೀಟರ್ ಎಂದು ಹಿಡಿದರೆ, ಪ್ರತಿ ಹೇರ್‌ಪಿನ್‌ನಲ್ಲೂ ಹೊರಚಕ್ರ ಎರಡು ಸುತ್ತು ಹೆಚ್ಚು ಹಾಕಬೇಕಾಗುತ್ತದೆ. ಎರಡನ್ನೂ ಒಂದೇ ಅಚ್ಚಿಗೆ ಬಿಗಿದರೆ ಆ ಎರಡು ಸುತ್ತುಗಳನ್ನು ಟೈರು ರಸ್ತೆಗೆ ಉಜ್ಜಿಕೊಂಡೇ ತೀರಿಸಬೇಕು, ಗಾಡಿಯೂ ನೇರಕ್ಕೆ ಹೋಗಲು ಹಟ ಹಿಡಿಯುತ್ತದೆ.

ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ 1827ರ ಸುಮಾರಿಗೆ ಹಬೆಯ ಗಾಡಿಗೆಂದು ರೂಪಿಸಿದ ಡಿಫರೆನ್ಷಿಯಲ್ ಈ ಲೆಕ್ಕಕ್ಕೆ ಉತ್ತರವಾಗಿತ್ತು. ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ 1877ರಲ್ಲಿ ಅದೇ ತತ್ವವನ್ನು ಮೂರು ಚಕ್ರದ ಸೈಕಲ್ಲಿಗೆ ತಂದರು. ಮೋಟಾರು ವಾಹನಗಳು ಬಂದಾಗ ಅದು ಸಿದ್ಧವಾಗಿಯೇ ಇತ್ತು. ಇಂದಿಗೂ ನಮ್ಮ ಬಹುತೇಕ ಪಿಕಪ್‌ಗಳ ಹಿಂದಿನ ಹೌಸಿಂಗ್‌ನೊಳಗೆ (ಹಿಂಚಕ್ರಗಳ ನಡುವಿನ ಲೋಹದ ಗೂಡಿನೊಳಗೆ), ಕ್ರೌನ್ ಎಂಬ ದೊಡ್ಡ ಹಲ್ಲುಗಾಲಿಯ ನಡುವೆ ಕುಳಿತಿರುವ ನಾಲ್ಕಾರು ಹಲ್ಲುಗಾಲಿಗಳು ಮಾಡುವುದು ಅದೇ ಕೆಲಸ.

ಆ ಹಲ್ಲುಗಾಲಿಗಳು ವೇಗವನ್ನು ಚಕ್ರಗಳ ಇಷ್ಟಕ್ಕೆ ಬಿಡುತ್ತವೆ, ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಮಾತ್ರ ಎರಡೂ ಬದಿಗೆ ಸರಿಸಮನಾಗಿ ಹಂಚುತ್ತವೆ. ಈ ಸಮಪಾಲಿನಲ್ಲೇ ತೊಂದರೆಯ ಬೇರಿದೆ. ಕೆಂಪು ಜೇಡಿಯ ಮೇಲೋ ಹಾವಸೆಗಟ್ಟಿದ ಅಂಚಿನ ಮೇಲೋ ಇರುವ ಒಳಚಕ್ರಕ್ಕೆ 200 ನ್ಯೂಟನ್ ಮೀಟರ್ ಟಾರ್ಕ್ ಮಾತ್ರ ತಡೆದುಕೊಳ್ಳುವ ಹಿಡಿತವಿದ್ದರೆ, ಒಳ್ಳೆಯ ಡಾಂಬರಿನ ಮೇಲಿರುವ ಹೊರಚಕ್ರಕ್ಕೂ ಸಿಗುವುದು 200 ಮಾತ್ರ. ಎಂಜಿನ್ ಎಷ್ಟೇ ಬಲಶಾಲಿಯಾಗಿದ್ದರೂ ಗಾಡಿಯನ್ನು ತಳ್ಳುವ ಒಟ್ಟು ಟಾರ್ಕ್ 400 ಮೀರುವುದಿಲ್ಲ, ಉಳಿದದ್ದು ಚಕ್ರ ಸುತ್ತುವುದರಲ್ಲಿ ಪೋಲಾಗುತ್ತದೆ.

ಪಿಕಪ್‌ನಲ್ಲಿ ಈ ದೋಷ ಕಾರಿಗಿಂತ ಹೆಚ್ಚು ಕಾಡುತ್ತದೆ. ಟನ್ನುಗಟ್ಟಲೆ ಹೊರಲೆಂದು ಮಾಡಿದ ಗಟ್ಟಿ ಲೀಫ್ ಸ್ಪ್ರಿಂಗ್‌ಗಳು ಖಾಲಿ ಗಾಡಿಯಲ್ಲಿ ಬಾಗುವುದೇ ಇಲ್ಲ. ತೂಕವೆಲ್ಲ ಎಂಜಿನ್ ಮತ್ತು ಕ್ಯಾಬಿನ್ ಇರುವ ಮುಂಭಾಗದಲ್ಲಿ ಕುಳಿತಿರುತ್ತದೆ. ತಿರುವಿನಲ್ಲಿ ಇರುವ ಅಲ್ಪ ಭಾರವೂ ಹೊರಬದಿಗೆ ಸರಿದು ಒಳಚಕ್ರ ಹಗುರಾಗುತ್ತದೆ. ನಾವು ರಸ್ತೆಯ ಎಡಕ್ಕೆ ಚಲಿಸುವುದರಿಂದ, ಘಟ್ಟ ಹತ್ತುವಾಗಿನ ಎಡ ಹೇರ್‌ಪಿನ್‌ನಲ್ಲಿ ನಮ್ಮ ಪಾಲಿಗೆ ಬರುವುದು ಅತ್ಯಂತ ಇಕ್ಕಟ್ಟಾದ, ಅತ್ಯಂತ ಕಡಿದಾದ ಒಳಅಂಚು. ಮೇಲಿನಿಂದ ಹರಿದ ನೀರು ಮಣ್ಣು, ಜಲ್ಲಿಗಳನ್ನು ತಂದು ಸುರಿಯುವುದೂ ಅಲ್ಲಿಯೇ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕರಾವಳಿಯ ನೆತ್ತಿಯ ಮೇಲಿನ ಈ ರಸ್ತೆಗಳಲ್ಲಿ ಒಳಚಕ್ರ ಸುತ್ತುವುದಕ್ಕೆ ಚಾಲಕನನ್ನು ದೂರುವುದು ಅನ್ಯಾಯ.

ಈ ದೋಷಕ್ಕೆ ಮದ್ದು ಹುಡುಕುವ ಒತ್ತಡ ಮೊದಲು ಬಂದದ್ದು ಕೆಸರಿನ ರಸ್ತೆಯಿಂದಲ್ಲ, ರೇಸ್ ಮೈದಾನದಿಂದ. ಫರ್ಡಿನಾಂಡ್ ಪೋರ್ಷೆ ರೂಪಿಸಿದ ಆಟೊ ಯೂನಿಯನ್ ರೇಸ್ ಕಾರಿನ ಶಕ್ತಿ ಎಷ್ಟಿತ್ತೆಂದರೆ, ಗಂಟೆಗೆ 160 ಕಿಲೋಮೀಟರ್‌ವರೆಗಿನ ವೇಗದಲ್ಲೂ ಹಿಂದಿನ ಒಂದು ಚಕ್ರ ಸುಮ್ಮನೆ ಸುತ್ತುತ್ತಿತ್ತು. 1935ರಲ್ಲಿ ಪೋರ್ಷೆ ಜರ್ಮನಿಯ ಜೆಡ್‌ಎಫ್ ಕಂಪನಿಗೆ ಇದಕ್ಕೊಂದು ಪರಿಹಾರ ಮಾಡಿಕೊಡಲು ಹೇಳಿದರು, ಅಲ್ಲಿಂದ ಎಲ್‌ಎಸ್‌ಡಿ ರೇಸಿನಲ್ಲಿ ಬೇರೂರಿತು. ಮಾರುಕಟ್ಟೆಯ ಕಾರುಗಳಿಗೆ ಅದು ಬಂದದ್ದು 1956ರಲ್ಲಿ, ಅಮೆರಿಕದ ಪ್ಯಾಕಾರ್ಡ್ ಕಂಪನಿಯ ಮೂಲಕ. ಮರುವರ್ಷ ಷೆವ್ರೊಲೆ ಪಾಸಿಟ್ರ್ಯಾಕ್ಷನ್ ಎಂಬ ತನ್ನ ಎಲ್‌ಎಸ್‌ಡಿ ತಂದಿತು, ಮುಂದೆ ಅಲ್ಲಿನ ಪಿಕಪ್‌ಗಳಿಗೂ ಅದು ಹಬ್ಬಿತು.

ಈ ಪೀಳಿಗೆಯ ಎಲ್‌ಎಸ್‌ಡಿಗಳಲ್ಲಿ ಹೆಚ್ಚಿನವು ಕ್ಲಚ್ ಪ್ಲೇಟ್ ಬಳಸುವಂಥವು. ಡಿಫರೆನ್ಷಿಯಲ್‌ನ ಪಕ್ಕದ ಹಲ್ಲುಗಾಲಿಗೂ ಅದರ ಗೂಡಿಗೂ ನಡುವೆ ತೆಳ್ಳನೆಯ ಪ್ಲೇಟುಗಳ ಕಟ್ಟು ಇರುತ್ತದೆ, ಸ್ಪ್ರಿಂಗ್ ಅದನ್ನು ಸದಾ ಒತ್ತಿರುತ್ತದೆ. ಎಕ್ಸಿಲರೇಟರ್ ತುಳಿದಂತೆ ಹಲ್ಲುಗಾಲಿಗಳು ಪರಸ್ಪರ ದೂರ ತಳ್ಳಿಕೊಂಡು ಆ ಒತ್ತಡವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಪ್ಲೇಟುಗಳ ಘರ್ಷಣೆ 400 ನ್ಯೂಟನ್ ಮೀಟರ್ ಇದ್ದರೆ, ಮೇಲಿನ ಉದಾಹರಣೆಯ ಒಳಚಕ್ರಕ್ಕೆ 200 ಸಿಕ್ಕಾಗ ಹೊರಚಕ್ರಕ್ಕೆ 600ರವರೆಗೆ ಹೋಗುತ್ತದೆ. ಗಾಡಿಯನ್ನು ತಳ್ಳುವ ಬಲ ಇಮ್ಮಡಿಯಾಯಿತು. ದಿಣ್ಣೆಯಲ್ಲಿ ಸಿಕ್ಕಿಬಿದ್ದ ಗಾಡಿ ಹೊರಬರಲು ಇಷ್ಟು ಸಾಕು.

ಆದರೆ ಪ್ಲೇಟುಗಳಿಗೆ ತಿರುವು ಯಾವುದು, ಜಾರಿಕೆ ಯಾವುದು ಎಂದು ತಿಳಿಯುವುದಿಲ್ಲ. ಅವುಗಳದ್ದು ಒಂದೇ ನಿಯಮ, ವೇಗವಾಗಿ ತಿರುಗುವ ಚಕ್ರದಿಂದ ಟಾರ್ಕನ್ನು ಕಿತ್ತು ನಿಧಾನವಾಗಿ ತಿರುಗುವ ಚಕ್ರಕ್ಕೆ ಕೊಡುವುದು. ತಿರುವಿನ ಆರಂಭದಲ್ಲಿ ಎರಡೂ ಚಕ್ರಗಳಿಗೆ ಹಿಡಿತವಿರುವಾಗ ವೇಗವಾಗಿ ತಿರುಗುವುದು ಹೊರಚಕ್ರ, ಆದ್ದರಿಂದ ಹೆಚ್ಚಿನ ಟಾರ್ಕ್ ಒಳಚಕ್ರಕ್ಕೆ ಹೋಗುತ್ತದೆ. ಒಳಬದಿಯಿಂದ ತಳ್ಳಿಸಿಕೊಂಡ ಗಾಡಿ ತಿರುವಿನ ಹೊರಕ್ಕೆ ಮೂತಿ ಚಾಚುತ್ತದೆ, ಸ್ಟೀರಿಂಗನ್ನು ಇನ್ನಷ್ಟು ತಿರುಗಿಸಬೇಕಾಗುತ್ತದೆ. ಇದು ಅಂಡರ್‌ಸ್ಟೀರ್. ಚಾಲಕ ಇನ್ನೂ ತುಳಿದಾಗ ಹಗುರಾದ ಒಳಚಕ್ರ ಸುತ್ತತೊಡಗಿ ಹೊರಚಕ್ರದ ವೇಗವನ್ನು ಮೀರುತ್ತದೆ. ಆ ಕ್ಷಣ ಲೆಕ್ಕ ತಿರುಗುಮುರುಗಾಗಿ ಟಾರ್ಕ್ ಹೊರಚಕ್ರಕ್ಕೆ ಹಾಯುತ್ತದೆ, ಗಾಡಿಯ ಮೂತಿ ತಿರುವಿನ ಒಳಕ್ಕೆ ಹೊರಳುತ್ತದೆ. ಹಿಡಿತ ಸಾಕಷ್ಟಿದ್ದರೆ ಇದು ಸೊಗಸಾದ ಕೆಲಸ. ಗಾಡಿ ಚೊಕ್ಕವಾಗಿ ತಿರುವಿನಿಂದ ಹೊರಬೀಳುತ್ತದೆ.

ಒದ್ದೆ ರಸ್ತೆಯಲ್ಲಿ ಖಾಲಿ ಪಿಕಪ್ ಇದ್ದರೆ ಮಾತ್ರ ಅಪಾಯ ಇಲ್ಲಿಯೇ ಕಾದಿರುತ್ತದೆ. ಟೈರಿನ ಹಿಡಿತವೆಂಬುದು ಒಂದೇ ಜೋಳಿಗೆಯ ಅಕ್ಕಿ: ಮುಂದಕ್ಕೆ ತಳ್ಳಲು ಹೆಚ್ಚು ತೆಗೆದರೆ ಪಕ್ಕಕ್ಕೆ ಜಾರದಂತೆ ತಡೆಯಲು ಕಡಿಮೆ ಉಳಿಯುತ್ತದೆ. ಸಾದಾ ಡಿಫರೆನ್ಷಿಯಲ್‌ನಲ್ಲಿ ಒಳಚಕ್ರ ಒಂದೇ ಸುತ್ತುತ್ತದೆ, ಹೊರಚಕ್ರಕ್ಕೆ ಹೆಚ್ಚು ಟಾರ್ಕ್ ಸಿಗದ ಕಾರಣ ಅದು ರಸ್ತೆ ಹಿಡಿದುಕೊಂಡು ಗಾಡಿಯ ಹಿಂಭಾಗವನ್ನು ಕಾಯುತ್ತದೆ. ಗಾಡಿ ಮುಂದೆ ಹೋಗದಿದ್ದರೂ ಅಡ್ಡ ಬೀಳುವುದಿಲ್ಲ. ಎಲ್‌ಎಸ್‌ಡಿ ಇದ್ದಾಗ ಎರಡೂ ಚಕ್ರಗಳು ಒಟ್ಟಿಗೆ ಜಾರಬಹುದು, ಹಾಗಾದಾಗ ಹಿಂಭಾಗವನ್ನು ತಡೆಯುವವರೇ ಇರುವುದಿಲ್ಲ. ನನ್ನ ದೃಷ್ಟಿಯಲ್ಲಿ ಈ ಒಂದು ಸಂಗತಿಯನ್ನು ಎಲ್‌ಎಸ್‌ಡಿ ಮಾರುವ ಪ್ರತಿಯೊಬ್ಬರೂ ಕೊಳ್ಳುವವರಿಗೆ ಬಿಡಿಸಿ ಹೇಳಬೇಕು.

ಘಟ್ಟ ಇಳಿಯುವಾಗಿನದು ಇನ್ನೊಂದು ಸ್ಥಿತಿ. ಎರಡನೇ ಗೇರಿನಲ್ಲಿ ಎಂಜಿನ್ ಹಿಡಿತದ ಮೇಲೆ ಇಳಿಯುವ ಗಾಡಿಯಲ್ಲೂ ಪ್ಲೇಟುಗಳು ಚಕ್ರಗಳ ವ್ಯತ್ಯಾಸವನ್ನು ತಡೆಯುತ್ತವೆ. ವೇಗವಾಗಿ ಉರುಳುವ ಹೊರಚಕ್ರದ ಮೇಲೆ ಹೆಚ್ಚು ತಡೆ ಬೀಳುವುದರಿಂದ ಗಾಡಿ ಮತ್ತೆ ನೇರಕ್ಕೇ ಎಳೆಯುತ್ತದೆ. ಲೋಡು ಇಳಿಸಿ ಖಾಲಿಯಾಗಿ ಕರಾವಳಿಗೆ ಮರಳುವ ಮೀನಿನ ಗಾಡಿಗಳು ತಿರುವಿಗೆ ಮುನ್ನವೇ ವೇಗ ತಗ್ಗಿಸಿಕೊಳ್ಳುವುದು ಇದರಿಂದಾಗಿ ಇನ್ನಷ್ಟು ಅಗತ್ಯ.

ಪ್ಲೇಟುಗಳ ಈ ಮೊಂಡುತನವನ್ನು ತಪ್ಪಿಸಲು ಎರಡು ಬೇರೆ ದಾರಿಗಳು ತೆರೆದುಕೊಂಡವು. ಅಮೆರಿಕದ ವರ್ನನ್ ಗ್ಲೀಸ್‌ಮನ್ 1958ರಲ್ಲಿ ಪೇಟೆಂಟ್ ಪಡೆದ, ಮುಂದೆ ಟಾರ್ಸನ್ ಎಂದು ಹೆಸರಾದ ವಿನ್ಯಾಸದಲ್ಲಿ ಪ್ಲೇಟುಗಳಿಲ್ಲ. ಸುರುಳಿ ಹಲ್ಲಿನ ಗಾಲಿಗಳೇ ಟಾರ್ಕ್ ಬಿದ್ದಾಗ ಬಿಗಿದುಕೊಳ್ಳುತ್ತವೆ. ಎಕ್ಸಿಲರೇಟರ್ ಬಿಟ್ಟಾಗ ಸಡಿಲವಾಗುವುದರಿಂದ ತಿರುವಿಗೆ ಇದು ಸೌಮ್ಯ. ಆದರೆ ಹಿಡಿತವಿರುವ ಚಕ್ರಕ್ಕೆ ಅದು ಕೊಡುವುದು ಹಿಡಿತವಿಲ್ಲದ ಚಕ್ರದ ಟಾರ್ಕಿನ ಇಂತಿಷ್ಟು ಪಟ್ಟು ಮಾತ್ರ. ಒಂದು ಚಕ್ರ ಗಾಳಿಯಲ್ಲಿ ತೇಲಿದರೆ ಸೊನ್ನೆಯ ಮೂರು ಪಟ್ಟೂ ಸೊನ್ನೆಯೇ. ಆಗ ಬ್ರೇಕನ್ನು ಹಗುರವಾಗಿ ಒತ್ತಿ ಆ ಚಕ್ರಕ್ಕೊಂದು ತಡೆ ಕೊಟ್ಟರೆ ಕೆಲಸ ಮತ್ತೆ ಶುರುವಾಗುತ್ತದೆ.

ಎರಡನೆಯದು ಎರಡೂ ಚಕ್ರಗಳನ್ನು ಒಂದಕ್ಕೊಂದು ಬಿಗಿಯುವ ಈಟನ್ ಕಂಪನಿಯ ಯಾಂತ್ರಿಕ ಲಾಕ್, 1973ರಿಂದ ಜನರಲ್ ಮೋಟರ್ಸ್ ಪಿಕಪ್‌ಗಳಲ್ಲಿ ಬಂದದ್ದು. ಎರಡು ಚಕ್ರಗಳ ವೇಗದ ವ್ಯತ್ಯಾಸ ನಿಮಿಷಕ್ಕೆ ಸುಮಾರು 100 ಸುತ್ತು ದಾಟಿದಾಗ ಮಾತ್ರ ಅದು ಬಿಗಿಯುತ್ತದೆ, ಗಾಡಿಯ ವೇಗ ಸುಮಾರು 32 ಕಿಲೋಮೀಟರ್ ಮೀರಿದ್ದರೆ ಬಿಗಿಯುವುದಿಲ್ಲ. ಇದನ್ನು ನಮ್ಮ ಘಟ್ಟಕ್ಕೆ ಹೊಂದಿಸಿ ನೋಡಬಹುದು. ಹತ್ತು ಮೀಟರ್ ತ್ರಿಜ್ಯದ ಹೇರ್‌ಪಿನ್‌ನಲ್ಲಿ 15 ಕಿಲೋಮೀಟರ್ ವೇಗದಲ್ಲಿ ಸಾಗುವ ಪಿಕಪ್‌ನ ಹಿಂಚಕ್ರಗಳ ವ್ಯತ್ಯಾಸ ನಿಮಿಷಕ್ಕೆ ಹದಿನಾರು ಸುತ್ತಿನ ಆಸುಪಾಸು. ಅಂದರೆ ಸಹಜ ತಿರುವಿನಲ್ಲಿ ಈ ಲಾಕ್ ಸಾದಾ ಡಿಫರೆನ್ಷಿಯಲ್‌ನಂತೆಯೇ ಇರುತ್ತದೆ, ಚಕ್ರ ನಿಜವಾಗಿ ಸುತ್ತಿದಾಗಷ್ಟೇ ಎಚ್ಚರಗೊಳ್ಳುತ್ತದೆ. ಆಗ ಅದು ಪೂರ್ತಿ ಬಿಗಿಯುವುದರಿಂದ, ತಿರುವಿನ ನಡುವೆ ಬಿಗಿದರೆ ಗಾಡಿ ತುಸು ಎಗರಿ ನೇರವಾಗುವುದುಂಟು. 2015ರ ಮಹೀಂದ್ರ ಥಾರ್‌ನ ಹಿಂದಿನ ಆ್ಯಕ್ಸಲ್‌ಗೆ ಬಂದದ್ದು ಇದೇ ಬಗೆಯ ಯಾಂತ್ರಿಕ ಲಾಕ್. 2022ರಲ್ಲಿ ಭಾರತಕ್ಕೆ ಬಂದ ಟೊಯೊಟಾ ಹೈಲಕ್ಸ್‌ನಲ್ಲಿ ಚಾಲಕನೇ ಗುಂಡಿ ಒತ್ತಿ ಬಿಗಿಯುವ ಲಾಕ್ ಇದೆ, ಜೊತೆಗೆ ಸುತ್ತುವ ಚಕ್ರವನ್ನು ಗುರುತಿಸಿ ಅದೊಂದಕ್ಕೇ ಬ್ರೇಕ್ ಹಾಕುವ ಎಲೆಕ್ಟ್ರಾನಿಕ್ ವ್ಯವಸ್ಥೆಯೂ ಇದೆ. ತಿರುವಿನ ಮಟ್ಟಿಗೆ ಹೇಳುವುದಾದರೆ ಈ ಬ್ರೇಕ್ ವ್ಯವಸ್ಥೆಯೇ ಹೆಚ್ಚು ಹಿತಕರ, ಏಕೆಂದರೆ ಚಕ್ರ ಜಾರದಿರುವಾಗ ಅದು ನಡುವೆ ಬರುವುದೇ ಇಲ್ಲ. ತೋಟದ ಕೆಸರಿನಲ್ಲಿ ಹೂತ ಗಾಡಿಗೆ ಮಾತ್ರ ಯಾಂತ್ರಿಕ ಲಾಕಿನಷ್ಟು ಗಟ್ಟಿ ಆಸರೆ ಅದರಿಂದ ಸಿಗದು.

ಕ್ಲಚ್ ಪ್ಲೇಟಿನ ಎಲ್‌ಎಸ್‌ಡಿ ಇರುವ ಹಳೆಯ ಗಾಡಿ ಕೊಂಡವರು ಗಮನಿಸಬೇಕಾದ ಎರಡು ವಿಷಯಗಳಿವೆ. ಹೌಸಿಂಗ್‌ಗೆ ಸಾದಾ ಗೇರ್ ಆಯಿಲ್ ಹಾಕಿದರೆ ನಿಧಾನದ ತಿರುವಿನಲ್ಲಿ ಪ್ಲೇಟುಗಳು ಹಿಡಿದು ಬಿಟ್ಟು ಕಟಕಟ ಸದ್ದು ಮಾಡುತ್ತವೆ. ಅದಕ್ಕೆಂದೇ ಇರುವ, ಪ್ಲೇಟುಗಳ ಘರ್ಷಣೆಯನ್ನು ಹದಗೊಳಿಸುವ ಫ್ರಿಕ್ಷನ್ ಮಾಡಿಫೈಯರ್ ಸೇರಿಸಿದ ಆಯಿಲ್ ಬೇಕು. ಹಿಂದಿನ ಒಂದೇ ಟೈರು ಬದಲಿಸಿ ಇನ್ನೊಂದನ್ನು ಸವೆದದ್ದೇ ಉಳಿಸಿದರೆ ನೇರ ರಸ್ತೆಯಲ್ಲೂ ಪ್ಲೇಟುಗಳು ದಿನವಿಡೀ ತೇಯುತ್ತಿರುತ್ತವೆ. ಒಳಗೆ ಎಲ್‌ಎಸ್‌ಡಿ ಇದೆಯೇ ಎಂದು ನೋಡಲು ಎಂಜಿನ್ ನಿಲ್ಲಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಮುಂಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಎರಡೂ ಚಕ್ರಗಳನ್ನು ಸ್ಟ್ಯಾಂಡ್ ಮೇಲೆ ಎತ್ತಿ, ಒಂದನ್ನು ಕೈಯಿಂದ ತಿರುಗಿಸಬೇಕು. ಇನ್ನೊಂದು ಅದೇ ದಿಕ್ಕಿಗೆ ತಿರುಗಿದರೆ ಪ್ಲೇಟುಗಳಿವೆ, ಅವುಗಳಲ್ಲಿ ಇನ್ನೂ ಬಲವಿದೆ ಎಂದರ್ಥ. ಒಂದೇ ಚಕ್ರವನ್ನು ಜಾಕ್ ಮೇಲೆತ್ತಿ ಎಂಜಿನ್ ಚಾಲೂ ಮಾಡಿ ಗೇರಿಗೆ ಹಾಕುವ ಕೆಲಸವನ್ನು ಇಂಥ ಗಾಡಿಯಲ್ಲಿ ಎಂದಿಗೂ ಮಾಡಬಾರದು. ನೆಲದ ಮೇಲಿರುವ ಚಕ್ರಕ್ಕೂ ಟಾರ್ಕ್ ಹೋಗಿ ಗಾಡಿ ಜಾಕ್ ಬಿಟ್ಟು ಮುಂದಕ್ಕೆ ನುಗ್ಗುತ್ತದೆ.