ವಿಡಿಯೊ ಸಾಫ್ಟ್‌ವೇರ್ ಟೆಸ್ಟ್: ಎಷ್ಟು ಹತ್ತಿರ ಬಂದರೆ ಪಾಸು?

ಶಿವಮೊಗ್ಗದಲ್ಲಿ ಕೂತು ವಿಡಿಯೊ ಸಾಫ್ಟ್‌ವೇರ್ ಟೆಸ್ಟ್ ಮಾಡುತ್ತೇನೆ ಅಂದರೆ, 'ಹಾಗಾದ್ರೆ ದಿನವಿಡೀ ಸಿನಿಮಾ ನೋಡ್ತೀರಾ?' ಅಂತ ಕೇಳುವವರೇ ಜಾಸ್ತಿ. ನೋಡುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವುದೇ ನಮ್ಮ ಕೆಲಸ. ಯಾರಾದರೂ ಪ್ರೋಗ್ರಾಂನಲ್ಲಿ ಎರಡು ಸಾಲು ಬದಲಿಸಿದರೂ ಸಾಕು, ನೂರಾರು ಚಿಕ್ಕ ಫೈಲುಗಳು ಮತ್ತೆ ಓಡಬೇಕು. ಚಿತ್ರ, ದನಿ ಕೆಟ್ಟಿದ್ದರೆ ಯಂತ್ರವೇ ಕೂಗಿ ಹೇಳಬೇಕು.

ಬರಬೇಕಾದ ಉತ್ತರಕ್ಕೆ ಎಷ್ಟು ಹತ್ತಿರ ಬಂದರೆ ಪಾಸು ಮಾಡಬೇಕು ಅನ್ನುವುದೇ ಇಲ್ಲಿ ತಲೆನೋವು. ನಮ್ಮ ಅಡಿಕೆ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಲ್ಲಕ್ಕೂ ಒಂದೇ ದರ ಕಟ್ಟುವುದಿಲ್ಲ, ಅಲ್ವಾ? ಹಾಗೇ, ಕುಗ್ಗಿಸಿದ ಫೈಲನ್ನು ಬಿಚ್ಚಿ ಚಿತ್ರ, ದನಿ ಮಾಡುವ ಡಿಕೋಡರ್‌ಗೆ ಒಂದು ಅಳತೆ, ಅವನ್ನು ಫೈಲಾಗಿ ಕುಗ್ಗಿಸುವ ಎನ್‌ಕೋಡರ್‌ಗೆ ಇನ್ನೊಂದು.

ಡಿಕೋಡರ್ ವಿಷಯ ಸುಲಭ. 2003ರಲ್ಲಿ ಬಂದ, ವಿಡಿಯೊ ಕುಗ್ಗಿಸುವ ಎಚ್.264 ಮಾನದಂಡ ಪೂರ್ಣಾಂಕಗಳ ಲೆಕ್ಕದ ಮೇಲೆ ನಿಂತಿದೆ. ಯಾರು ಬರೆದ ಡಿಕೋಡರ್ ಆದರೂ ಒಂದು ಬಿಟ್ ಕೂಡ ಆಚೀಚೆ ಆಗುವಂತಿಲ್ಲ. ಹಾಗಾಗಿ ಪ್ರತಿ ಫ್ರೇಮಿಗೂ (ವಿಡಿಯೊದ ಒಂದೊಂದು ಚಿತ್ರಕ್ಕೂ) ಚೆಕ್‌ಸಮ್, ಅಂದರೆ ಅದರ ಬಿಟ್‌ಗಳಿಂದ ಲೆಕ್ಕ ಹಾಕಿದ ಗುರುತಿನ ಅಂಕಿ, ತೆಗೆದು, ಇಟ್ಟುಕೊಂಡ ಹಳೆಯ ಪಟ್ಟಿಗೆ ಹೋಲಿಸಿದರೆ ಮುಗಿಯಿತು. ಎಫ್‌ಎಫ್‌ಎಂಪೆಗ್ ಎಂಬ ಮುಕ್ತ ವಿಡಿಯೊ ಸಾಫ್ಟ್‌ವೇರ್ ಯೋಜನೆಯ ಫೇಟ್ ಎಂಬ ಟೆಸ್ಟ್ ವ್ಯವಸ್ಥೆ ಮಾಡುವುದು ಇದನ್ನೇ. ಅದರಲ್ಲಿ ನನಗೆ ತುಂಬ ಹಿಡಿಸಿದ್ದು, ಆ ಪಟ್ಟಿ ಸಾದಾ ಪಠ್ಯದ ಫೈಲು ಅನ್ನುವುದು. ಒಂದು ಫ್ರೇಮಿಗೆ ಒಂದು ಸಾಲು: ಸಮಯ, ಅವಧಿ, ಗಾತ್ರ, ಚೆಕ್‌ಸಮ್. ಟೆಸ್ಟ್ ಬಿದ್ದಾಗ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಅರ್ಧ ತನಿಖೆ ಅಲ್ಲೇ ಆಗುತ್ತದೆ. ಸಮಯದ ಕಾಲಂ ಮಾತ್ರ ಬದಲಾಗಿದ್ದರೆ ಚಿತ್ರ ಸರಿ ಇದೆ, ಫೈಲಿನಿಂದ ಸಮಯ ಓದುವ ಕಡೆ ತಪ್ಪಿದೆ. ನಡುವಿನ ಒಂದು ಫ್ರೇಮಿನಿಂದ ಶುರುವಾಗಿ ಮುಂದಿನ ಕೀಫ್ರೇಮ್ (ಬೇರೆ ಫ್ರೇಮಿನ ನೆರವಿಲ್ಲದೆ ತಾನೇ ಪೂರ್ತಿಯಾದ ಫ್ರೇಮ್) ತನಕ ಕೆಟ್ಟು, ಆಮೇಲೆ ಸರಿಹೋದರೆ, ಆ ಮೊದಲ ಫ್ರೇಮನ್ನು ಹಿಡಿದರೆ ಸಾಕು. ಒಂದೇ ಥ್ರೆಡ್‌ನಲ್ಲಿ (ಕೆಲಸದ ಒಂದೇ ಎಳೆಯಲ್ಲಿ) ಪಾಸಾಗಿ, ಒಟ್ಟಿಗೆ ಓಡುವ ನಾಲ್ಕು ಥ್ರೆಡ್‌ನಲ್ಲಿ ಬೀಳುವ ಟೆಸ್ಟ್ ಸಿಕ್ಕರಂತೂ ಆ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.

ಹಳೆಯ ಎಂಪೆಗ್-2 ಮಾನದಂಡ ಹೀಗಲ್ಲ. ಅದರ ಲೆಕ್ಕದಲ್ಲಿ ಸಣ್ಣ ವ್ಯತ್ಯಾಸಕ್ಕೆ ಅವಕಾಶ ಇದೆ. ಟೆಸ್ಟ್‌ನಲ್ಲಿ ಯಾವ ವಿಧಾನದಿಂದ ಲೆಕ್ಕ ಮಾಡಬೇಕು ಅಂತ ಮೊದಲೇ ಕಟ್ಟಿಹಾಕಬೇಕು. ದಶಮಾಂಶದಲ್ಲಿ ಲೆಕ್ಕ ಹಾಕುವ ಆಡಿಯೊ ಡಿಕೋಡರ್‌ಗಳೂ ಇಂಟೆಲ್ ಮತ್ತು ಆರ್ಮ್ ಚಿಪ್‌ಗಳಲ್ಲಿ ಕೊನೆಯ ಅಂಕಿಯಲ್ಲಿ ಜಗಳ ಆಡುತ್ತವೆ. ಅಲ್ಲಿ ಇಷ್ಟರ ಒಳಗಿದ್ದರೆ ಪಾಸು ಅಂತ ಮಿತಿ ಹಾಕಬೇಕು.

ಎನ್‌ಕೋಡರ್‌ನಲ್ಲಿ ಚೆಕ್‌ಸಮ್ ನಂಬಿ ಕೂತರೆ ಕೆಲಸ ಆಗುವುದಿಲ್ಲ. ಎನ್‌ಕೋಡರ್ ಚುರುಕಾದಾಗ ಬೈಟ್‌ಗಳು ಬದಲಾಗಲೇಬೇಕು. ಅದಕ್ಕೇ ಮೂಲ ಚಿತ್ರಕ್ಕೆ ಹೋಲಿಸಿ ಗುಣಮಟ್ಟಕ್ಕೆ ಅಂಕ ಕೊಡುವ ಪಿಎಸ್‌ಎನ್‌ಆರ್, ಎಸ್‌ಎಸ್‌ಐಎಂ, ನೆಟ್‌ಫ್ಲಿಕ್ಸ್ 2016ರಲ್ಲಿ ಹೊರಬಿಟ್ಟ ವಿಎಂಎಎಫ್ ಇವೆ. ಜೊತೆಗೆ ಫೈಲಿನ ಗಾತ್ರವನ್ನೂ ನೋಡಬೇಕು. ಗಾತ್ರ ಹಿಗ್ಗಿಸಿ ಅಂಕ ಗಿಟ್ಟಿಸುವುದು ದೊಡ್ಡ ವಿದ್ಯೆಯೇನಲ್ಲ.

ಇಲ್ಲಿ ಮಲೆನಾಡು ನಮಗೆ ಪುಕ್ಕಟೆ ಸಾಮಗ್ರಿ ಕೊಡುತ್ತದೆ. ಜುಲೈ ತಿಂಗಳ ಜೋಗದ ತುಂತುರು ಮತ್ತು ಮಂಜನ್ನು ಎನ್‌ಕೋಡರ್‌ಗೆ ಕೊಟ್ಟು ನೋಡಿ. ಒಂದು ಫ್ರೇಮಿನಲ್ಲಿ ಇದ್ದದ್ದು ಮುಂದಿನದರಲ್ಲಿ ಇಲ್ಲ, ಚಲನೆಯನ್ನು ಊಹಿಸುವ ಜಾಣತನವೆಲ್ಲ ಕೈಕೊಡುತ್ತದೆ. ಚೆಂಡೆಯ ಏಟು ಆಡಿಯೊ ಎನ್‌ಕೋಡರ್‌ನ ಮಾನ ಕಳೆಯುತ್ತದೆ: ಏಟು ಬೀಳುವ ಮೊದಲೇ ಅದರ ಸದ್ದಿನ ಗಲೀಜು ಹಿಂದಕ್ಕೆ ಹರಡಿರುತ್ತದೆ. ಯಕ್ಷಗಾನದ ಕೆಂಪು ವೇಷಗಳದ್ದು ಇನ್ನೊಂದು ಕಥೆ. ಹೆಚ್ಚಿನ ವಿಡಿಯೊಗಳಲ್ಲಿ ಬಣ್ಣದ ವಿವರ ಬೆಳಕಿನ ವಿವರದ ಕಾಲು ಭಾಗದಷ್ಟೇ ಇರುತ್ತದೆ, ಹಾಗಾಗಿ ಕೆಂಪಿನ ಅಂಚು ಕದಡುತ್ತದೆ. ಅದಕ್ಕಿಂತ ಮುಖ್ಯ ವಿಷಯ ಒಂದಿದೆ. ವಿಎಂಎಎಫ್ ನೋಡುವುದು ಬೆಳಕಿನ ಭಾಗವನ್ನು ಮಾತ್ರ. ಎರಡು ಬಣ್ಣದ ಪದರಗಳು ಅದಲುಬದಲಾಗಿ ಕೆಂಪು ವೇಷ ನೀಲಿಯಾದರೂ ಅದರ ಅಂಕ ಒಂದಿಷ್ಟೂ ಇಳಿಯುವುದಿಲ್ಲ! ಬಣ್ಣಕ್ಕೆ ಬೇರೆ ಟೆಸ್ಟ್ ಇಡಲೇಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ತುಟಿ ಮತ್ತು ಮಾತು ಕೂಡದಿದ್ದರೆ ಜನ ಮೊದಲು ಬೈಯುವುದು ಅದಕ್ಕೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ (ಐಟಿಯು) 1998ರಲ್ಲಿ ಕೊಟ್ಟ ಶಿಫಾರಸಿನ ಪ್ರಕಾರ ದನಿ ಸುಮಾರು 45 ಮಿಲಿಸೆಕೆಂಡ್ ಮುಂದೆ ಅಥವಾ 125 ಮಿಲಿಸೆಕೆಂಡ್ ಹಿಂದೆ ಬಿದ್ದರೆ ಗೊತ್ತಾಗುತ್ತದೆ. ಸೆಕೆಂಡಿಗೊಮ್ಮೆ ಪರದೆ ಬೆಳ್ಳಗಾಗಿ ಬೀಪ್ ಬರುವ ವಿಡಿಯೊ ಮಾಡಿಕೊಂಡು ಎರಡರ ನಡುವಿನ ಅಂತರ ಅಳೆದರೆ ಆಯಿತು. ಆದರೆ ಚಿಕ್ಕ ಫೈಲು ಇಲ್ಲಿ ಮೋಸ ಮಾಡುತ್ತದೆ. ಸೆಕೆಂಡಿಗೆ 29.97 ಫ್ರೇಮಿನ ವಿಡಿಯೊವನ್ನು ಯಾರೋ 30 ಅಂತ ಓದಿದರು ಅನ್ನಿ. 10 ಸೆಕೆಂಡಿನಲ್ಲಿ ತಪ್ಪುವುದು 10 ಮಿಲಿಸೆಕೆಂಡ್, ಟೆಸ್ಟ್ ಪಾಸು. ಗಂಟೆಗೆ ಅದು ಸುಮಾರು 3.6 ಸೆಕೆಂಡ್. ರಾತ್ರಿಯಿಡೀ 8 ಗಂಟೆ ನಡೆಯುವ ಆಟದ ಕೊನೆಗೆ ಸುಮಾರು 29 ಸೆಕೆಂಡ್! ತೆರೆಯ ಮೇಲೆ ಭಾಗವತರ ಬಾಯಿ ನಿಂತರೂ ಮಂಗಳದ ಹಾಡು ಕೇಳುತ್ತಲೇ ಇರುತ್ತದೆ. ಇದಕ್ಕೆ 8 ಗಂಟೆ ಡಿಕೋಡ್ ಮಾಡಬೇಕಿಲ್ಲ. ಸಮಯದ ಅಂಕಿಗಳನ್ನಷ್ಟೇ ಓದಿ, ಮೊದಲಿನದನ್ನೂ ಕೊನೆಯದನ್ನೂ ಹೋಲಿಸಿದರೆ ಸಾಕು.

ಸಬ್‌ಟೈಟಲ್ ಇದ್ದರೆ ಒತ್ತಕ್ಷರಗಳ ಸಾಲೊಂದನ್ನು ಸೇರಿಸಿ. 'ಸೂರ್ಯ', 'ರ‍್ಯಾಂಕ್', 'ರಾಷ್ಟ್ರ' ಮೂರೂ ಸರಿ ಬಂದರೆ ಅಕ್ಷರ ಜೋಡಿಸುವ ಭಾಗ ಬಹುಮಟ್ಟಿಗೆ ಸರಿ ಇದೆ. ಫಾಂಟ್ ಫೈಲನ್ನು ಟೆಸ್ಟ್ ಜೊತೆಗೇ ಇಟ್ಟುಕೊಳ್ಳಿ. ಸಿಸ್ಟಮ್ ಫಾಂಟ್ ನಂಬಿದರೆ ಅಪ್‌ಡೇಟ್ ಆದಾಗೆಲ್ಲ ಸುಮ್ನೆ ಕೆಂಪು ದೀಪ.

ಬೇಕಂತಲೇ ಕೆಡಿಸಿದ ಫೈಲುಗಳ ಗುಂಪೂ ಬೇಕು. ವಿಡಿಯೊ ಇರುವ ಒಂದು ಮೆಸೇಜ್‌ನಿಂದಲೇ ಫೋನಿನೊಳಗೆ ನುಗ್ಗಬಹುದಾಗಿದ್ದ ಆಂಡ್ರಾಯ್ಡ್‌ನ ಸ್ಟೇಜ್‌ಫ್ರೈಟ್ ದೋಷ 2015ರಲ್ಲಿ ಬಯಲಾಯಿತು. ಇಲ್ಲಿ ಚಿತ್ರ ಹೇಗಿದೆ ಅಂತ ಕೇಳುವುದಿಲ್ಲ. ಪ್ರೋಗ್ರಾಂ ಬೀಳಬಾರದು, ಮೆಮೊರಿಯಲ್ಲಿ ತನ್ನದಲ್ಲದ ಜಾಗಕ್ಕೆ ಕೈ ಹಾಕಬಾರದು, ಅಷ್ಟೇ.

ಮಳೆಗಾಲದಲ್ಲಿ ಕರೆಂಟು, ಇಂಟರ್ನೆಟ್ ಎರಡೂ ನಂಬಿಕೆಗೆ ಅರ್ಹವಲ್ಲ. ಮಾದರಿ ಫೈಲುಗಳೆಲ್ಲ ನಮ್ಮ ಡಿಸ್ಕಿನಲ್ಲೇ ಇರುತ್ತವೆ. ಒಂದೊಂದು ಟೆಸ್ಟ್ ಮುಗಿದ ಕೂಡಲೇ ಫಲಿತಾಂಶ ಬರೆದಿಟ್ಟರೆ, ಕರೆಂಟು ಬಂದ ಮೇಲೆ ನಿಂತಲ್ಲಿಂದ ಮುಂದುವರಿಯಬಹುದು.

ಹಳೆಯ ಚೆಕ್‌ಸಮ್ ಪಟ್ಟಿಯನ್ನು ಹೊಸದರಿಂದ ಬದಲಿಸುವ ಆಜ್ಞೆ ತುಂಬ ಸುಲಭ, ಅದೇ ಅಪಾಯ. ನಮ್ಮಲ್ಲಿ ಆ ಬದಲಾವಣೆ ಬೇರೆಯಾಗಿಯೇ ಬರಬೇಕು, ಯಾವ ಸಾಲು ಯಾಕೆ ಬದಲಾಯಿತು ಅಂತ ಬರೆದಿರಬೇಕು, ಇನ್ನೊಬ್ಬರು ಆ ಫ್ರೇಮುಗಳನ್ನು ಕಣ್ಣಾರೆ ನೋಡಿರಬೇಕು. ಸಿನಿಮಾ ನೋಡುವುದು ಅಂದರೆ ನಮಗೆ ಅಷ್ಟೇ ಸಿಗುವುದು.