ಕೀಬೋರ್ಡಿನ ಲೈಟ್ ಹತ್ತುತ್ತದೆ, ಸದ್ದು ಮಾತ್ರ ಬರಲ್ಲ. ಯಾಕೆ?

ಪ್ರಶ್ನೆ: ಸರ್, ನಾನು ದಾವಣಗೆರೆಯಲ್ಲಿ ಡಿಗ್ರಿ ಓದುತ್ತಿದ್ದೇನೆ. ಚಿಕ್ಕಂದಿನಿಂದ ಭಜನೆಗೆ ಹಾರ್ಮೋನಿಯಂ ನುಡಿಸುತ್ತೇನೆ. ಸ್ವಂತ ಹಾಡು ಮಾಡಬೇಕು ಅಂತ 25 ಕೀ ಇರುವ ಮಿಡಿ ಕೀಬೋರ್ಡ್ ತಗೊಂಡೆ. ಲ್ಯಾಪ್‌ಟಾಪ್‌ಗೆ ಚುಚ್ಚಿದರೆ ಲೈಟ್ ಬರುತ್ತದೆ. ಆದರೆ ಸಾಫ್ಟ್‌ವೇರ್ ತೆರೆದು ಎಷ್ಟು ಒತ್ತಿದರೂ ಸದ್ದೇ ಇಲ್ಲ. ಪೀಸ್ ಕೆಟ್ಟಿದೆಯಾ? ಅಂಗಡಿಗೆ ವಾಪಸ್ ಕೊಡಲಾ?

ಉತ್ತರ: ಈಗಲೇ ಕೊಡಬೇಡಿ. ನನಗೆ ಜಾಸ್ತಿ ಬರುವ ಪ್ರಶ್ನೆ ಇದೇ. ಕೇಳಿದವರಲ್ಲಿ ಹೆಚ್ಚಿನವರ ಕೀಬೋರ್ಡು ಚೆನ್ನಾಗಿಯೇ ಇತ್ತು.

ನೀವು ಹಾರ್ಮೋನಿಯಂ ಬಲ್ಲವರು, ಹಾಗಾಗಿ ಅಲ್ಲಿಂದಲೇ ಹೇಳುತ್ತೇನೆ. ಪೆಟ್ಟಿಗೆಯ ಕೀ ಒತ್ತಿದರೆ ಒಳಗೆ ಒಂದು ಕಿಂಡಿ ತೆರೆಯುತ್ತದೆ, ತಿದಿಯ ಗಾಳಿ ರೀಡಿನ ಮೇಲೆ ಹಾಯುತ್ತದೆ, ಸ್ವರ ಬರುತ್ತದೆ. ಒತ್ತುವ ಜಾಗವೂ ಸ್ವರ ಹುಟ್ಟುವ ಜಾಗವೂ ಒಂದೇ ಪೆಟ್ಟಿಗೆಯಲ್ಲಿವೆ. ನೀವು ಕೊಂಡ ಕೀಬೋರ್ಡಿನಲ್ಲಿ ರೀಡೂ ಇಲ್ಲ, ತಿದಿಯೂ ಇಲ್ಲ, ಸ್ಪೀಕರೂ ಇಲ್ಲ. ಅದು ಕಂಪ್ಯೂಟರಿಗೆ ಬರೀ ಸುದ್ದಿ ಮುಟ್ಟಿಸುತ್ತದೆ: ಇಂಥ ಕೀ ಒತ್ತಿದರು, ಇಷ್ಟು ಜೋರಾಗಿ ಒತ್ತಿದರು, ಈಗ ಬಿಟ್ಟರು. ಪ್ರತಿ ಕೀಗೂ 0ಯಿಂದ 127ರ ಒಳಗೆ ಒಂದು ನಂಬರ್ ಇದೆ. ಪಿಯಾನೊದ ನಡುವಿನ ಸಿ ಎಂಬ ಕೀಯ ನಂಬರ್ 60. ಒತ್ತಿದ ಜೋರಿಗೆ 1ರಿಂದ 127ರವರೆಗೆ ಇನ್ನೊಂದು ನಂಬರ್. 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಎಂಬ ವಾದ್ಯಗಳ ಮೇಳದಲ್ಲಿ ಸೀಕ್ವೆನ್ಷಿಯಲ್ ಸರ್ಕ್ಯೂಟ್ಸ್ ಮತ್ತು ರೋಲ್ಯಾಂಡ್ ಎಂಬ ಎರಡು ಬೇರೆ ಬೇರೆ ಕಂಪನಿಗಳ ಸಿಂಥಸೈಜರುಗಳು ಹೀಗೆ ನಂಬರಿನಲ್ಲಿ ಮಾತಾಡಿದವು. ಒಂದರಲ್ಲಿ ಒತ್ತಿದರೆ ಇನ್ನೊಂದು ನುಡಿಯಿತು. ಆ ಭಾಷೆಯ ಹೆಸರೇ ಮಿಡಿ. ನಿಮ್ಮ ಕೀಬೋರ್ಡು ಇಂದಿಗೂ ಅದೇ ಭಾಷೆ ಆಡುತ್ತದೆ.

ಅಂದರೆ ನಿಮ್ಮ ತೊಂದರೆಯ ರೂಪ ಇದು: ಸುದ್ದಿ ಎಲ್ಲೋ ದಾರಿಯಲ್ಲಿ ನಿಂತಿದೆ. ಕೀಬೋರ್ಡಿನಿಂದ ಶುರು ಮಾಡಿ ಹೆಡ್‌ಫೋನಿನವರೆಗೆ ಅದರ ಹಿಂದೆಯೇ ನಡೆಯಬೇಕು. ಸುಮ್ನೆ ಸಿಕ್ಕ ಸಿಕ್ಕ ಸೆಟ್ಟಿಂಗ್ ಬದಲಿಸಿದರೆ ಸರಿ ಇದ್ದದ್ದೂ ಕೆಡುತ್ತದೆ.

ಮೊದಲು ಕೇಬಲ್. ಲೈಟ್ ಹತ್ತಿದ್ದರಿಂದ ಕರೆಂಟ್ ಹೋಗುತ್ತಿದೆ ಎಂದಷ್ಟೇ ಗೊತ್ತಾಗುತ್ತದೆ. ಯುಎಸ್‌ಬಿ ಕೇಬಲ್‌ನಲ್ಲಿ ಕರೆಂಟಿನ ತಂತಿ ಬೇರೆ, ಡೇಟಾ ತಂತಿ ಬೇರೆ. ಚಾರ್ಜ್ ಮಾಡಲು ಮಾತ್ರ ಇರುವ ಅಗ್ಗದ ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಇದರಿಂದ ನನ್ನ ಒಂದು ಭಾನುವಾರ ಪೂರ್ತಿ ಹೋಗಿದೆ. ಬೆಳಿಗ್ಗೆಯಿಂದ ಡ್ರೈವರ್ ತೆಗೆದು ಹಾಕಿದ್ದೇ ಹಾಕಿದ್ದು. ಸಂಜೆ ಪಕ್ಕದ ಮನೆಯ ಪ್ರಿಂಟರ್ ಕೇಬಲ್ ತಂದು ಚುಚ್ಚಿದ ಕೂಡಲೇ ನುಡಿಯಿತು. ಹಾಗಾಗಿ ಬೇರೆ ಕೇಬಲ್ ಹಾಕಿ ನೋಡಿ, ಯುಎಸ್‌ಬಿ ಹಬ್ ಇದ್ದರೆ ಅದನ್ನು ಬಿಟ್ಟು ಲ್ಯಾಪ್‌ಟಾಪಿನ ಪೋರ್ಟಿಗೇ ನೇರವಾಗಿ ಚುಚ್ಚಿ. ಈಗಿನ ಸಣ್ಣ ಕೀಬೋರ್ಡುಗಳಲ್ಲಿ ಬಹುತೇಕಕ್ಕೆ ಬೇರೆ ಡ್ರೈವರ್ ಬೇಡ. ವಿಂಡೋಸ್‌ನ ಡಿವೈಸ್ ಮ್ಯಾನೇಜರಿನಲ್ಲಿ, ಮ್ಯಾಕ್ ಆದರೆ ಆಡಿಯೊ ಮಿಡಿ ಸೆಟಪ್‌ನಲ್ಲಿ ಅದರ ಹೆಸರು ಕಾಣಬೇಕು. ಕಂಡರೆ ಅರ್ಧ ದಾರಿ ಮುಗಿದಂತೆ.

ಇನ್ನು ಸಾಫ್ಟ್‌ವೇರ್. ಕೀಬೋರ್ಡ್ ಚುಚ್ಚಿದ ಮೇಲೆ ಅದನ್ನು ತೆರೆಯಿರಿ. ಕೆಲವು ಪ್ರೋಗ್ರಾಂಗಳು ತೆರೆಯುವಾಗ ಒಂದೇ ಸಲ ಸುತ್ತ ನೋಡುತ್ತವೆ, ಆಮೇಲೆ ಬಂದವರನ್ನು ಗಮನಿಸುವುದಿಲ್ಲ. ವಿಂಡೋಸ್‌ನಲ್ಲಿ ಇನ್ನೊಂದು ತೊಡಕಿದೆ. ಹಳೆಯ ರೀತಿಯ ಮಿಡಿ ಡ್ರೈವರು ಒಂದು ಸಲಕ್ಕೆ ಒಂದೇ ಪ್ರೋಗ್ರಾಂಗೆ ದಾರಿ ಬಿಡುತ್ತದೆ. ಹಿಂದೆ ಇನ್ನೊಂದು ಮ್ಯೂಸಿಕ್ ಪ್ರೋಗ್ರಾಂ ತೆರೆದಿದ್ದರೆ ಮುಚ್ಚಿ.

ರೀಪರ್ ಎಂಬ ಸಾಫ್ಟ್‌ವೇರ್ ಬಳಸುತ್ತಿದ್ದರೆ ಆಪ್ಶನ್ಸ್, ಪ್ರಿಫರೆನ್ಸಸ್, ಅದರ ಆಡಿಯೊ ಭಾಗದಲ್ಲಿ ಮಿಡಿ ಎಂದಿರುವ ಪುಟಕ್ಕೆ ಹೋಗಿ ನಿಮ್ಮ ಕೀಬೋರ್ಡಿನ ಇನ್‌ಪುಟ್ ಎನೇಬಲ್ ಮಾಡಿ. ಎಫ್‌ಎಲ್ ಸ್ಟುಡಿಯೊದಲ್ಲಿ ಆಪ್ಶನ್ಸ್‌ನ ಮಿಡಿ ಸೆಟ್ಟಿಂಗ್ಸ್‌ನಲ್ಲಿ ಹೆಸರು ಆರಿಸಿ ಎನೇಬಲ್ ಒತ್ತಿ. ಏಬಲ್ಟನ್ ಲೈವ್‌ನ ಸೆಟ್ಟಿಂಗ್ಸ್‌ನಲ್ಲಿ ಮಿಡಿ ಪುಟದಲ್ಲಿ ಟ್ರ್ಯಾಕ್ ಎಂಬ ಗುಂಡಿ ಇದೆ, ನುಡಿಸಲು ಅದು ಆನ್ ಇರಬೇಕು. ಪಕ್ಕದ ರಿಮೋಟ್ ಎಂಬುದು ಕೀಬೋರ್ಡಿನ ತಿರುಗುಗುಂಡಿಗಳಿಂದ ಸಾಫ್ಟ್‌ವೇರನ್ನು ಆಡಿಸಲು.

ಇಷ್ಟು ಮಾಡಿಯೂ ಸದ್ದು ಬರದೆ ಹೋದರೆ ಸಾಮಾನ್ಯವಾಗಿ ಎಡವುವುದು ಇಲ್ಲಿ: ಟ್ರ್ಯಾಕ್ ಖಾಲಿ ಇರುತ್ತದೆ. ಸುದ್ದಿ ಬಂದಿದೆ, ಓದಿ ನುಡಿಸುವವರು ಯಾರೂ ಇಲ್ಲ. ಟ್ರ್ಯಾಕಿನ ಮೇಲೆ ಒಂದು ವಾದ್ಯ ಹಾಕಬೇಕು, ಅಂದರೆ ರೀಡಿನ ಕೆಲಸ ಮಾಡುವ ಸಾಫ್ಟ್‌ವೇರ್. ರೀಪರ್‌ನಲ್ಲಿ ಟ್ರ್ಯಾಕಿನ ಎಫ್‌ಎಕ್ಸ್ ಒತ್ತಿ ರೀಸಿಂಥ್ ಹಾಕಿ. ಅದರ ಸ್ವರ ಅಷ್ಟೇನೂ ಚೆಂದವಿಲ್ಲ, ಆದರೆ ಪರೀಕ್ಷೆಗೆ ಅದೇ ಸಾಕು. ಟ್ರ್ಯಾಕಿನ ಇನ್‌ಪುಟ್ಟನ್ನು ಮಿಡಿ, ಆಲ್ ಚಾನೆಲ್ಸ್ ಎಂದು ಇಡಿ. ಮಿಡಿಯಲ್ಲಿ 16 ಚಾನೆಲ್‌ಗಳಿವೆ, ನೀವು ಒಂದರಲ್ಲಿ ಕಳಿಸಿ ಟ್ರ್ಯಾಕ್ ಇನ್ನೊಂದರಲ್ಲಿ ಕಾಯುತ್ತಾ ಕೂತರೆ ಏನೂ ಆಗುವುದಿಲ್ಲ. ಆಮೇಲೆ ಕೆಂಪು ರೆಕಾರ್ಡ್ ಗುಂಡಿ ಒತ್ತಿ ಟ್ರ್ಯಾಕ್ ಸಜ್ಜು ಮಾಡಿ, ನುಡಿಸಿದ್ದನ್ನು ಆಗಲೇ ಕೇಳಿಸುವ ಮಾನಿಟರ್ ಗುಂಡಿ ಆನ್ ಇದೆಯಾ ನೋಡಿ.

ಈಗ ಕೀ ಒತ್ತುತ್ತಾ ಟ್ರ್ಯಾಕಿನ ಮೀಟರ್ ನೋಡಿ. ಮೀಟರ್ ಆಡುತ್ತಿದ್ದೂ ಕಿವಿಗೆ ಕೇಳದಿದ್ದರೆ ಮಿಡಿಯ ಕಡೆ ಎಲ್ಲ ಸರಿ ಇದೆ, ಆಡಿಯೊ ಔಟ್‌ಪುಟ್ ತಪ್ಪು ಕಡೆ ಹೋಗುತ್ತಿದೆ. ಮೀಟರ್ ಆಡದಿದ್ದರೆ ಆಕ್ಟೇವ್ ಗುಂಡಿ ನೋಡಿ. 25 ಕೀ ಅಂದರೆ ಎರಡೇ ಸ್ಥಾಯಿ. ಗೊತ್ತಿಲ್ಲದೆ ಮೂರ್ನಾಲ್ಕು ಸಲ ಒತ್ತಿ ಮೇಲಕ್ಕೆ ಹೋಗಿದ್ದರೆ, ಕೊಳಲಿನಂಥ ವಾದ್ಯಕ್ಕೆ ಅಲ್ಲಿ ಸ್ವರವೇ ಇರುವುದಿಲ್ಲ.

ಸದ್ದು ಬಂದ ಮೇಲೆ ಹೆಚ್ಚಿನವರು ಹೇಳುವ ಮುಂದಿನ ದೂರು: ಒತ್ತಿದ ಮೇಲೆ ತಡವಾಗಿ ಕೇಳುತ್ತದೆ. ಇದು ಮಿಡಿಯ ತಪ್ಪಲ್ಲ. ಐದು ಪಿನ್ನಿನ ಹಳೆಯ ಮಿಡಿ ಕೇಬಲ್ಲಿನಲ್ಲೂ ಒಂದು ಸ್ವರದ ಸುದ್ದಿ ಮುಟ್ಟಲು ಸುಮಾರು 1 ಮಿಲಿಸೆಕೆಂಡ್ ಸಾಕು. ತಡ ಆಗುವುದು ಕಂಪ್ಯೂಟರು ಸದ್ದನ್ನು ಕಂತು ಕಂತಾಗಿ ಸಿದ್ಧಮಾಡುವಾಗ. ಆ ಕಂತಿನ ಅಳತೆಯೇ ಬಫರ್ ಸೈಜ್. ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ 1024ರ ಬಫರ್ ಅಂದರೆ 23 ಮಿಲಿಸೆಕೆಂಡ್, 128 ಅಂದರೆ ಸುಮಾರು 3. ನುಡಿಸುವಾಗ 128 ಅಥವಾ 256 ಇಡಿ, ಕೊನೆಗೆ ಮಿಕ್ಸ್ ಮಾಡುವಾಗ 1024ಕ್ಕೆ ಏರಿಸಿ. ವಿಂಡೋಸ್‌ನಲ್ಲಿ ಆಸಿಯೊ ಎಂಬ, ಸದ್ದಿನ ತಡ ಕಡಿಮೆ ಮಾಡುವ ಡ್ರೈವರ್ ಬೇಕು. ಆಡಿಯೊ ಇಂಟರ್‌ಫೇಸ್ ಇಲ್ಲದವರಿಗೆ ಆಸಿಯೊ ಫಾರ್ ಆಲ್ ಉಚಿತವಾಗಿ ಸಿಗುತ್ತದೆ. ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ನುಡಿಸಲೇಬೇಡಿ, ಆ ತಡವನ್ನು ಯಾವ ಸೆಟ್ಟಿಂಗೂ ತೆಗೆಯಲಾರದು. ತಂತಿ ಇರುವುದೇ ಬೇಕು. ಬೇಸಿಗೆಯಲ್ಲಿ ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿ ಸೇವರ್‌ಗೆ ಇಳಿದು ಸದ್ದು ಚಟಪಟ ಎನ್ನಬಹುದು, ಅದನ್ನೂ ಆಫ್ ಮಾಡಿಡಿ.

ಇನ್ನು ನೀವು ಕೇಳದೇ ಇದ್ದರೂ ಹೇಳಲೇಬೇಕಾದ ಒಂದು ಮಾತಿದೆ. ಹಾರ್ಮೋನಿಯಂ ಕೈ ಮಿಡಿ ಕೀಬೋರ್ಡಿಗೆ ಬಂದಾಗ ನುಡಿಸಿದ್ದು ಏರುಪೇರಾಗಿ ಕೇಳುತ್ತದೆ. ಒಂದು ಸ್ವರ ಗಟ್ಟಿ, ಇನ್ನೊಂದು ಮೆತ್ತಗೆ. ಪೆಟ್ಟಿಗೆಯಲ್ಲಿ ಬೆರಳಿನ ಜೋರಿಗೆ ಬೆಲೆ ಇಲ್ಲ, ಏರಿಳಿತವೆಲ್ಲ ತಿದಿಯ ಕೈಯದು. ಇಲ್ಲಿ ಬೆರಳು ತಾಗಿದ ವೇಗವೇ ಗಟ್ಟಿತನ ಆಗುತ್ತದೆ. ಹಾರ್ಮೋನಿಯಂ, ಆರ್ಗನ್ ಥರದ ಸ್ವರಕ್ಕೆ ಕೀಬೋರ್ಡಿನ ವೆಲಾಸಿಟಿಯನ್ನು ಫಿಕ್ಸೆಡ್ ಮಾಡಿ. ಪಿಯಾನೊಗೆ ಮಾತ್ರ ಹಾಗೇ ಬಿಡಿ, ಬೆರಳು ಕಲಿಯಲಿ.

ಹಾಗಾದರೆ ತಿದಿ ಎಲ್ಲಿ ಹೋಯಿತು? ನಿಮ್ಮ ಎಡಗೈಯನ್ನೇ ಕೇಳಿ. ದಾವಣಗೆರೆ ಕಂಪನಿ ನಾಟಕದ ಊರು. ರಂಗದ ಮುಂದೆ ಕೂತು ಕಾಲಿನಿಂದ ತಿದಿ ಒತ್ತುತ್ತಾ ಎರಡೂ ಕೈಯಲ್ಲಿ ನುಡಿಸುತ್ತಿದ್ದ ಹಾರ್ಮೋನಿಯಂ ಮಾಸ್ತರರನ್ನು ನೆನೆಯುವ ಹಿರಿಯರು ಇಲ್ಲಿ ಇನ್ನೂ ಸಿಗುತ್ತಾರೆ. ಕಾಲಿಗೆ ತಿದಿ ಕೊಟ್ಟಿದ್ದರಿಂದ ಅವರ ಎಡಗೈ ಬಿಡುವಾಯಿತು. ನಿಮ್ಮ ಎಡಗೈಯೂ ಈಗ ಬಿಡುವಾಗಿದೆ. ಕೀಬೋರ್ಡಿನ ಎಡತುದಿಯಲ್ಲಿ ಎರಡು ಚಕ್ರಗಳೋ ಪಟ್ಟಿಗಳೋ ಇರುತ್ತವೆ. ಅವುಗಳಲ್ಲಿ ಮಾಡ್ಯುಲೇಶನ್ ಎಂಬ ಚಕ್ರಕ್ಕೆ ಮಿಡಿಯಲ್ಲಿ ಕಂಟ್ರೋಲರ್ ನಂಬರ್ 1 ಎಂದು ಹೆಸರು. ವಾದ್ಯದ ವಾಲ್ಯೂಮ್ ಮೇಲೆ ಬಲಕ್ಲಿಕ್ ಮಾಡಿ ಮಿಡಿ ಲರ್ನ್ ಆರಿಸಿ, ಆ ಚಕ್ರ ಒಮ್ಮೆ ಆಡಿಸಿ. ಬಹಳಷ್ಟು ವಾದ್ಯಗಳು ಅಷ್ಟಕ್ಕೇ ಕಲಿತುಬಿಡುತ್ತವೆ. ಸ್ವರ ಹಿಡಿದಿರುವಾಗಲೇ ಉಬ್ಬಿಸಬಹುದು, ಇಳಿಸಬಹುದು. ನಿಮ್ಮ ತಿದಿ ವಾಪಸ್ ಬಂತು.

ಇನ್ನೊಂದು ಚಕ್ರ ಪಿಚ್ ಬೆಂಡ್. ಇದು ಪೆಟ್ಟಿಗೆಯಲ್ಲಿ ಇಲ್ಲವೇ ಇಲ್ಲದ ಭಾಗ್ಯ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಹಾರ್ಮೋನಿಯಂಗೆ ಬರುವುದಿಲ್ಲ. 1940ರಲ್ಲಿ ಆಕಾಶವಾಣಿ ಅದಕ್ಕೆ ನಿಷೇಧ ಹಾಕಿದ್ದಕ್ಕೆ ಇದೂ ಒಂದು ಕಾರಣ, ಆ ನಿಷೇಧ ಮೂರು ದಶಕ ನಡೆಯಿತು. ಬೆಂಡ್ ಸಾಮಾನ್ಯವಾಗಿ ಎರಡು ಅರ್ಧಸ್ವರದಷ್ಟು ಜಾರುತ್ತದೆ, ಅಂದರೆ ಷಡ್ಜದಿಂದ ದೊಡ್ಡ ರಿಷಭದವರೆಗೆ. ಪಂಚಮದವರೆಗೆ ಮೀಂಡ್ ಬೇಕಿದ್ದರೆ ವಾದ್ಯದ ಸೆಟ್ಟಿಂಗಿನಲ್ಲಿ ಬೆಂಡ್ ರೇಂಜ್ 7 ಮಾಡಿ. ಅದರ ಅಳತೆಯಲ್ಲಿ 16,384 ಮೆಟ್ಟಿಲುಗಳಿವೆ, ಹಾಗಾಗಿ ಜಾರುವಾಗ ಮೆಟ್ಟಿಲು ಇಳಿದಂತೆ ಕೇಳುವುದಿಲ್ಲ.

ಎಲ್ಲ ಸರಿಹೋದ ದಿನ ಆ ಟ್ರ್ಯಾಕನ್ನು ಟೆಂಪ್ಲೇಟ್ ಆಗಿ ಸೇವ್ ಮಾಡಿಡಿ, ನಾಳೆ ಮತ್ತೆ ಈ ದಾರಿ ನಡೆಯಬೇಕಿಲ್ಲ.

ಕೇಬಲ್ ಬದಲಿಸಿದರೂ ಡಿವೈಸ್ ಮ್ಯಾನೇಜರಿನಲ್ಲಿ ಹೆಸರೇ ಕಾಣದಿದ್ದರೆ ಕೀಬೋರ್ಡನ್ನು ಗೆಳೆಯರ ಕಂಪ್ಯೂಟರಿಗೆ ಹಾಕಿ ನೋಡಿ. ಅಲ್ಲೂ ಕಾಣದಿದ್ದರೆ ಆಗ ಬಿಲ್ ಹಿಡಿದುಕೊಂಡು ಅಂಗಡಿಗೆ ಹೋಗಿ.